ಪಬ್ಲಿಕ್ ಹೆಲ್ತ್ ಡಿಗ್ರಿ: ಓದು ಎಲ್ಲಿಂದ ಶುರು ಮಾಡಬೇಕು?

ಪಬ್ಲಿಕ್ ಹೆಲ್ತ್ (ಸಾರ್ವಜನಿಕ ಆರೋಗ್ಯ) ಡಿಗ್ರಿಗೆ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಮೊದಲು ಕೇಳುವುದು ಯಾವ ಪುಸ್ತಕ ಓದಬೇಕು ಅಂತ. ಪುಸ್ತಕ ಆಮೇಲೆ. ಮೊದಲು ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ವೈದ್ಯಾಧಿಕಾರಿಗಳ ಅನುಮತಿ ಪಡೆದು, ಆಶಾ ಕಾರ್ಯಕರ್ತೆಯ ಜೊತೆ ಲಾರ್ವಾ ಸಮೀಕ್ಷೆಗೆ, ಅಂದರೆ ನಿಂತ ನೀರಿನಲ್ಲಿ ಸೊಳ್ಳೆಯ ಮರಿಹುಳು ಹುಡುಕಲು, ನಡೆಯಿರಿ.

ಡ್ರಮ್ಮು, ಸಿಮೆಂಟ್ ತೊಟ್ಟಿ, ಹಳೇ ಟೈರು, ತೆಂಗಿನ ಚಿಪ್ಪು, ಎಲ್ಲ ನೋಡಿ ಬರೆದುಕೊಳ್ಳಿ. 50 ಮನೆ ನೋಡಿದಿರಿ, 6 ಮನೆಯಲ್ಲಿ ಲಾರ್ವಾ ಸಿಕ್ಕಿತು ಅಂದುಕೊಳ್ಳಿ. ನೂರು ಮನೆಗೆ 12, ಇದು ಹೌಸ್ ಇಂಡೆಕ್ಸ್. ನೀರು ತುಂಬಿದ್ದ 200 ಪಾತ್ರೆಗಳಲ್ಲಿ 10ರಲ್ಲಿ ಲಾರ್ವಾ ಇದ್ದರೆ ನೂರು ಪಾತ್ರೆಗೆ 5, ಇದು ಕಂಟೈನರ್ ಇಂಡೆಕ್ಸ್. ಆ 10 ಪಾತ್ರೆಯನ್ನೇ 100 ಮನೆಗೆ ಎಷ್ಟು ಅಂತ ಲೆಕ್ಕ ಹಾಕಿದರೆ ಬ್ರೆಟೋ ಇಂಡೆಕ್ಸ್ 20. ಅದೇ ಬೀದಿ, ಅದೇ ದಿನ. ಆದರೂ ಮೂರು ಬೇರೆ ಬೇರೆ ಉತ್ತರ, ಯಾಕೆಂದರೆ ಏನನ್ನು ಎಣಿಸಿ ಯಾವುದರಿಂದ ಭಾಗಿಸಿದಿರಿ ಅನ್ನುವುದು ಪ್ರತಿ ಸಲ ಬೇರೆ.

ಇಡೀ ಡಿಗ್ರಿಯಲ್ಲಿ ನಿಮ್ಮನ್ನು ಕಾಯುವುದು ಈ ಒಂದೇ ಪ್ರಶ್ನೆ: ಎಷ್ಟು ಜನರಲ್ಲಿ ಎಷ್ಟು? ಪೇಟೆಯಲ್ಲಿ 60 ಜನಕ್ಕೆ ಜ್ವರ, ಹಾಡಿಯಲ್ಲಿ 40 ಜನಕ್ಕೆ ಅಂದರೆ ಪೇಟೆಯದ್ದೇ ಜಾಸ್ತಿ ಅನ್ನಿಸುತ್ತದೆ ಅಲ್ವಾ? ಪೇಟೆಯಲ್ಲಿ 6,000 ಜನ, ಹಾಡಿಯಲ್ಲಿ 400 ಜನ ಇದ್ದರೆ? ಅಲ್ಲಿ ನೂರಕ್ಕೆ ಒಬ್ಬರು, ಇಲ್ಲಿ ನೂರಕ್ಕೆ ಹತ್ತು ಜನ. ಜೀಪು ಮೊದಲು ಹಾಡಿಗೆ ಹೋಗಬೇಕು. ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶ ಶಾಸ್ತ್ರ) ಅಂದರೆ ಭಯಪಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಸೂತ್ರ ಬಾಯಿಪಾಠ ಮಾಡಬೇಡಿ, ಇಂಥ ಲೆಕ್ಕ ದಿನಾ ಒಂದು ಮಾಡಿ.

ಎಪಿಡೆಮಿಯಾಲಜಿಗೆ, ಅಂದರೆ ಕಾಯಿಲೆ ಜನರಲ್ಲಿ ಹೇಗೆ ಹರಡುತ್ತದೆ ಅನ್ನುವ ವಿಷಯಕ್ಕೆ, ಒಂದು ಕಾಯಿಲೆಯನ್ನು ಹಿಡಿದು ಪೂರ್ತಿ ಓದಿ. ನನ್ನ ಆಯ್ಕೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ ಮೊದಲು ಗುರುತಾಯಿತು. ಮಂಗಗಳು ಸಾಯುತ್ತವೆ, ಉಣ್ಣೆ ಹುಳ ಕಚ್ಚುತ್ತದೆ, ಸೌದೆಗೋ ದರಕಿಗೋ (ಒಣ ಎಲೆಗೋ) ಕಾಡಿಗೆ ಹೋದವರು ಜ್ವರದಿಂದ ಮಲಗುತ್ತಾರೆ. ಮಳೆಗಾಲ ಬಂದರೆ ಇಳಿಯುತ್ತದೆ. ಯಾರಿಗೆ, ಎಲ್ಲಿ, ಯಾವಾಗ, ಯಾಕೆ? ನಾಲ್ಕಕ್ಕೂ ಉತ್ತರ ಇದರಲ್ಲೇ ಇದೆ. ಕಾಡಿಗೆ ಹೋಗಬೇಡಿ ಅಂತ ಹೇಳುವುದು ಸುಲಭ. ಒಲೆ ಉರಿಸಲು ಸೌದೆ ಯಾರು ಕೊಡುತ್ತಾರೆ ಅಂತಲೂ ಯೋಚಿಸಿ. ಹೆಲ್ತ್ ಪಾಲಿಸಿ (ಆರೋಗ್ಯ ನೀತಿ) ಪೇಪರಿನಲ್ಲಿ ಕೇಳುವುದೂ ಇದನ್ನೇ.

ಸೇರುವ ಮುಂಚೆ ಎರಡು ವಿಷಯ ವಿಚಾರಿಸಿ: ವಿಶ್ವವಿದ್ಯಾಲಯಕ್ಕೆ ಯುಜಿಸಿ ಮಾನ್ಯತೆ ಇದೆಯಾ, ಫೀಲ್ಡ್ ಪೋಸ್ಟಿಂಗ್ ಎಷ್ಟು ವಾರ. ಈ ಡಿಗ್ರಿಯಿಂದ ಡಾಕ್ಟರ್ ಆಗುವುದಿಲ್ಲ, ರೋಗಿಗೆ ಔಷಧಿ ಬರೆಯುವ ಹಕ್ಕೂ ಬರುವುದಿಲ್ಲ. ಅದನ್ನು ಮನೆಯವರಿಗೂ ಮೊದಲೇ ತಿಳಿಸಿ.

ಫೀಲ್ಡ್ ವರದಿಯನ್ನು ಸುಮ್ನೆ ಮಾರ್ಕ್ಸ್‌ಗೋಸ್ಕರ ಬರೆಯಬೇಡಿ. ಎರಡು ಪುಟದಲ್ಲಿ ಕನ್ನಡದಲ್ಲೂ ಬರೆದು, ಮನೆಯವರ ಹೆಸರು ತೆಗೆದು, ಒಂದು ಪ್ರತಿ ನಿಮ್ಮ ಜೊತೆ ಬಿಸಿಲಲ್ಲಿ ನಡೆದ ಆಶಾ ಅಕ್ಕನಿಗೆ ಕೊಡಿ. ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಅವರಿಗೆ ಅದು ಬೇಕಾಗುತ್ತದೆ.