ಟಗರು ಮರಿ ಮೇಯಿಸಿ ಬೆಳೆಸುವುದು ಹೇಗೆ?

ಒಂದು ಎಕರೆ ಹುಲ್ಲು, ಹತ್ತು ಟಗರು ಮರಿ. ಮನೆಮಂದಿಯೇ ನೋಡಿಕೊಳ್ಳಲು ಇಷ್ಟು ಸಾಕು. ಕೊಟ್ಟಿಗೆ ಕಟ್ಟಲು ಸಾಲ ಮಾಡಬೇಡಿ: ನೆಲ ಒಣಗಿರಬೇಕು, ಮಳೆ ಬೀಳಬಾರದು, ಗಾಳಿ ಆಡಬೇಕು, ಅಷ್ಟೆ.

ಮರಿ ಆರಿಸುವಾಗ ಮಂಡ್ಯ ಸೀಮೆಯವರಿಗೆ ನನ್ನ ಸಲಹೆ ಒಂದೇ, ಬನ್ನೂರು ತಳಿ. ಗಿಡ್ಡ ಕಾಲು, ಅಗಲ ಬೆನ್ನು. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಬೋರಲು ಹಾಕಿದ ಲಾಳದ ಆಕಾರ ಕಾಣಬೇಕು. ಸಂತೆಯಲ್ಲಿ ಬನ್ನೂರು ಎಂದು ಕೂಗಿದ್ದೆಲ್ಲ ಬನ್ನೂರಲ್ಲ. ಹಾಲು ಬಿಟ್ಟ, ಮೂರು ನಾಲ್ಕು ತಿಂಗಳಿನ ಮರಿ ಕೊಳ್ಳಿ. ಪಿಪಿಆರ್ (ಕುರಿ, ಮೇಕೆಗೆ ಹರಡುವ ಮಾರಕ ವೈರಸ್ ರೋಗ) ಮತ್ತು ಕರುಳುಬೇನೆ ಲಸಿಕೆ ಪಶು ಆಸ್ಪತ್ರೆಯಲ್ಲಿ ಹಾಕಿಸಿ. ಕರುಳುಬೇನೆಗೆ ಮೊದಲ ಸಲವಾದರೆ ಎರಡು ಮೂರು ವಾರ ಬಿಟ್ಟು ಇನ್ನೊಂದು ಚುಚ್ಚುಮದ್ದು ಬೇಕು. ಇದನ್ನು ಮರೆಯುವವರೇ ಹೆಚ್ಚು.

ಇನ್ನು ಮೇವು. ಜನ ಕೆಡುವುದು ಇಲ್ಲೇ. ಎಕರೆಗೆಲ್ಲ ಬೇಲಿ ಹಾಕಿ, ಬೆಳಗಾಗುತ್ತಲೇ ಗೇಟು ತೆಗೆದು ಬಿಡುತ್ತಾರೆ. ಮರಿಗಳು ಚಿಗುರಿದ ಹುಲ್ಲನ್ನೇ ಮತ್ತೆ ಮತ್ತೆ ಬುಡದವರೆಗೆ ಕತ್ತರಿಸುತ್ತವೆ, ಬಲಿತದ್ದು ಹಾಗೇ ನಿಲ್ಲುತ್ತದೆ. ಎರಡು ತಿಂಗಳಲ್ಲಿ ಮರಿ ಸೊರಗುತ್ತದೆ. ಹುಲ್ಲು ಸಾಲುತ್ತಿಲ್ಲವೆಂದು ಹಿಂಡಿ ತರುತ್ತಾರೆ. ಆದರೆ ಕಾರಣ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಜಂತುಹುಳು.

ಹಿಕ್ಕೆಯಲ್ಲಿ ಬಿದ್ದ ಜಂತಿನ ಮೊಟ್ಟೆ ಬೆಚ್ಚಗಿನ ಮಳೆಗಾಲದಲ್ಲಿ ಐದಾರು ದಿನಕ್ಕೆ ಸೋಂಕು ಹಚ್ಚುವ ಮರಿಹುಳುವಾಗುತ್ತದೆ. ಅದು ಇಬ್ಬನಿಯ ಹನಿ ಹಿಡಿದು ಹುಲ್ಲಿನ ಗರಿ ಏರುತ್ತದೆ, ಆದರೂ ಹೆಚ್ಚಿನವು ಬುಡದ ಎರಡಂಗುಲದಲ್ಲೇ ಇರುತ್ತವೆ. ಆದ್ದರಿಂದ ಎಕರೆಯನ್ನು ನಾಲ್ಕು ನಾಲ್ಕು ಗುಂಟೆಯ ಹತ್ತು ಪಾಲು ಮಾಡಿ. ನೈಲಾನ್ ಬಲೆ, ಗೂಟ ಇದ್ದರೆ ಸಾಕು. ಒಂದು ಪಾಲಿನಲ್ಲಿ ಮೂರು ದಿನ, ತಪ್ಪಿದರೆ ನಾಲ್ಕು. ಐದನೆಯ ದಿನ ಅಲ್ಲಿ ಮರಿ ಇರಬಾರದು. ಹುಲ್ಲು ನಾಲ್ಕು ಬೆರಳಿಗೆ ಇಳಿದರೆ ಎರಡನೆಯ ದಿನವೇ ಮುಂದಿನ ಪಾಲಿಗೆ ದಾಟಿಸಿ. ಸುತ್ತು ಮುಗಿಸಿ ಮೊದಲ ಪಾಲಿಗೆ ಬರುವಷ್ಟರಲ್ಲಿ ಸುಮಾರು ತಿಂಗಳಾಗಿರಬೇಕು. ಅಷ್ಟರಲ್ಲಿ ಹುಲ್ಲು ಏಳುತ್ತದೆ, ಬಹುಪಾಲು ಹುಳು ಸಾಯುತ್ತವೆ. ಬೇಗ ಬರುವಂತಾದರೆ ಕೊಟ್ಟಿಗೆಯಲ್ಲಿ ಹುರುಳಿ ಹೊಟ್ಟು, ಬೇಲಿ ಮೆಂತೆ, ಅಗಸೆ ಸೊಪ್ಪು ಹಾಕಿ ದಿನ ದೂಡಿ. ಇಬ್ಬನಿ ಆರುವ ಮುನ್ನ ಬಿಡಲೇಬೇಡಿ.

ವಾರಕ್ಕೊಮ್ಮೆ ಪ್ರತಿ ಮರಿಯ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ. ಕೆಂಪಗಿದ್ದರೆ ಬಿಡಿ. ಬಿಳಿಚಿದ್ದರೆ, ಗದ್ದದಡಿ ನೀರಿಳಿದು ಜೋತಿದ್ದರೆ, ಅಂದೇ ಡಾಕ್ಟರರಿಗೆ ತೋರಿಸಿ ಔಷಧಿ ಕುಡಿಸಿ. ಮಂದೆಗೆಲ್ಲ ತಿಂಗಳಿಗೊಮ್ಮೆ ಒಂದೇ ಔಷಧಿ ಕುಡಿಸುವ ಅಭ್ಯಾಸದಿಂದ ಹುಳುಗಳು ಅದಕ್ಕೆ ಒಗ್ಗಿಬಿಡುತ್ತವೆ. ಕಡಿಮೆ ಪ್ರಮಾಣ ಕೊಟ್ಟರೂ ಅದೇ ಗತಿ. ತೂಕ ಹಾಕಿಯೇ ಅಳೆಯಿರಿ. ಕುಡಿಸುವಾಗ ಮೂತಿಯನ್ನು ಆಕಾಶಕ್ಕೆ ಎತ್ತಬೇಡಿ. ತಲೆ ಮಟ್ಟಸವಾಗಿರಲಿ. ಬಾಯಿಯ ಮೂಲೆಯಿಂದ ಕೊಳವೆ ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ನಿಧಾನವಾಗಿ ಬಿಡಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ, ಶ್ವಾಸಕೋಶಕ್ಕೆ ಹೋದರೆ ಮರಿ ಉಳಿಯುವುದು ಕಷ್ಟ. ಸಂತೆಯಿಂದ ತಂದ ಮರಿಗೆ ಔಷಧಿ ಕೊಟ್ಟ ಮೇಲೆ ಎರಡು ದಿನ ಕೊಟ್ಟಿಗೆಯಲ್ಲೇ ಇಡಿ, ಆ ಹಿಕ್ಕೆ ನಿಮ್ಮ ಹುಲ್ಲಿಗೆ ಬೀಳಬಾರದು.

ಅಂಗಡಿಯವನು ‘ಎಲ್ಲಾ ಒಂದೇ’ ಎಂದು ದನದ ಮಿನರಲ್ ಮಿಕ್ಸ್ಚರ್ ಕೊಟ್ಟರೆ ವಾಪಸ್ ಕೊಡಿ. ಅದರಲ್ಲಿರುವ ತಾಮ್ರ ದನಕ್ಕೆ ಬೇಕು, ಕುರಿಯ ಪಿತ್ತಜನಕಾಂಗದಲ್ಲಿ ಸೇರಿ ಸೇರಿ ವಿಷವಾಗುತ್ತದೆ. ಕುರಿಗೆಂದೇ ಬರುವುದನ್ನು ಕೇಳಿ.

ಮದುವೆ ಮನೆಯ ಮಿಕ್ಕ ಅನ್ನವೂ ಬೇಡ. ಒಮ್ಮೆಲೇ ತಿಂದರೆ ಹೊಟ್ಟೆ ಹುಳಿಯಾಗಿ ಬೆಳಗಿನೊಳಗೆ ಸಾಯಬಹುದು. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಹೊಲಕ್ಕೂ ಬಿಡಬಾರದು, ಅದರಲ್ಲಿ ಸಯನೈಡ್ ವಿಷವಿರುತ್ತದೆ.

ಮಾರುವಾಗ ಕಣ್ಣಂದಾಜಿಗೆ ಒಪ್ಪಬೇಡಿ, ತೂಕಕ್ಕೆ ಕೊಡಿ. ಬಕ್ರೀದ್ ನಂಬಿದವರು ಹಳೇ ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಬಾರದು, ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ. ಕುಂಟುವ, ಕಣ್ಣು ಹೋದ ಟಗರನ್ನು ಕುರ್ಬಾನಿಗೆ ಕೊಳ್ಳುವುದಿಲ್ಲ. ಗುದ್ದಾಡುವ ಎರಡನ್ನು ಒಂದು ತಿಂಗಳು ಮೊದಲೇ ಬೇರೆ ಬೇರೆ ಕಟ್ಟಿ.