ಸ್ವೀಡನ್ನಿನಲ್ಲಿ ಡಿಸೈನ್ ಪಿಎಚ್‌ಡಿ: ಸಂಶೋಧನೆಗಾಗಿ ಜನರನ್ನು ಸಂದರ್ಶಿಸಲು ಹೊರಡುವ ಮುಂಚೆ

ಸ್ವೀಡನ್ನಿನಲ್ಲಿ ಪಿಎಚ್‌ಡಿ ಅಂದರೆ ನೌಕರಿ, ಫೀಸಿಲ್ಲ, ತಿಂಗಳ ಸಂಬಳ ಬರುತ್ತೆ ಅನ್ನೋದು ಊರಲ್ಲಿ ಎಲ್ಲರಿಗೂ ಗೊತ್ತು. ಅದನ್ನು ಬಿಡೋಣ. ಇಂಟರಾಕ್ಷನ್ ಡಿಸೈನ್ (ಜನ ಆ್ಯಪ್, ಯಂತ್ರಗಳನ್ನು ಬಳಸುವ ರೀತಿಯ ವಿನ್ಯಾಸ), ಸರ್ವಿಸ್ ಡಿಸೈನ್ (ಆಸ್ಪತ್ರೆಯಂಥ ಸೇವೆಗಳ ವಿನ್ಯಾಸ) ಅಂತ ಇಲ್ಲಿಗೆ ಬರುತ್ತಿರುವ ನಮ್ಮ ಹುಡುಗ ಹುಡುಗಿಯರು ನಾನು ಎಡವಿದ ಕಲ್ಲನ್ನೇ ಎಡವುತ್ತಿದ್ದಾರೆ: ನೈತಿಕ ಅನುಮತಿ ಇಲ್ಲದೆ ಸಂಶೋಧನೆಗೆ ಜನರನ್ನು ಸಂದರ್ಶಿಸುವುದು. ಈ ವರ್ಷ ಮೂರನೆಯವಳು ಫೋನ್ ಮಾಡಿ ಅತ್ತ ಮೇಲೆ ಬರೆಯಲು ಕೂತೆ.

ನಾನು ಮಾಸ್ಟರ್ಸ್ ಮಾಡಿದ್ದೂ ಇಲ್ಲೇ. ಆಗ ಆರೋಗ್ಯ ಕೇಂದ್ರದಲ್ಲಿ ರೋಗಿಗಳಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಮಾತು ರೆಕಾರ್ಡ್ ಮಾಡಿ ಥೀಸಿಸ್ ಬರೆದಿದ್ದೆ. ಯಾರೂ ತಡೆಯಲಿಲ್ಲ. ಪಿಎಚ್‌ಡಿಯ ಎರಡನೇ ವರ್ಷದಲ್ಲೂ ಅದನ್ನೇ ಮಾಡಿದೆ. ಟೋಕನ್ ಯಂತ್ರದ ಪಕ್ಕದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿದ್ದೆ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊದಲ ಫೋನ್ ಕರೆಯಿಂದ ಹಿಡಿದು ಔಷಧಿ ಕೈಗೆ ಸಿಕ್ಕುವವರೆಗೆ ಒಂದೊಂದೇ ಹಳದಿ ಚೀಟಿ ಅಂಟಿಸುತ್ತಾ ಹೋದರು. ‘ಇಲ್ಲಿ ಭಯವಾಯಿತು’ ಅಂತ ಒಂದರ ಮೇಲೆ ನಡುಗುವ ಅಕ್ಷರದಲ್ಲಿ ಬರೆದು, ತಮ್ಮ ಹೃದಯದ ಕಾಯಿಲೆಯ ಕಥೆ ಹೇಳಿದರು. ಅಂಥ 14 ಸಂದರ್ಶನಗಳು. ಒಂದನ್ನೂ ಬಳಸಲಾಗಲಿಲ್ಲ. ಐದು ತಿಂಗಳು ಹೋಯಿತು.

ಕಾರಣ, ಮನುಷ್ಯರ ಮೇಲಿನ ಸಂಶೋಧನೆಗೆ ಅನ್ವಯಿಸುವ ಸ್ವೀಡನ್ನಿನ 2003ರ ನೈತಿಕ ಪರಿಶೀಲನಾ ಕಾಯ್ದೆ. ಬ್ಯಾಚುಲರ್ಸ್, ಮಾಸ್ಟರ್ಸ್ ವಿದ್ಯಾರ್ಥಿಗಳ ಕೆಲಸವನ್ನು ಅದು ಸಂಶೋಧನೆ ಅಂತ ಎಣಿಸುವುದಿಲ್ಲ. ಪಿಎಚ್‌ಡಿ ಸೇರಿದ ದಿನದಿಂದ ಎಣಿಸುತ್ತದೆ. ಇಲ್ಲೇ ಮಾಸ್ಟರ್ಸ್ ಮಾಡಿದವರು ಹೆಚ್ಚು ಬೀಳುವುದು ಇದರಿಂದಲೇ. ಆರೋಗ್ಯ, ಜನಾಂಗೀಯ ಮೂಲ, ಧರ್ಮ, ರಾಜಕೀಯ ನಿಲುವು, ಕಾರ್ಮಿಕ ಸಂಘದ ಸದಸ್ಯತ್ವ ಇವೆಲ್ಲ ಸೂಕ್ಷ್ಮ ಮಾಹಿತಿ. ವ್ಯಕ್ತಿಯನ್ನು ಗುರುತಿಸಬಹುದಾದ ರೀತಿಯಲ್ಲಿ ಇಂಥದ್ದನ್ನು ಸಂಶೋಧನೆಗೆ ಸಂಗ್ರಹಿಸುವುದಾದರೆ ಮೊದಲೇ ಅನುಮತಿ ಬೇಕು. ನೀವು ಕೇಳಿದ್ದು ಅಪಾಯಿಂಟ್‌ಮೆಂಟ್ ಆ್ಯಪ್ ಬಗ್ಗೆಯೇ ಇರಬಹುದು, ಆದರೆ ಆಸ್ಪತ್ರೆಯಲ್ಲಿ ಕೂತವರು ಕಾಯಿಲೆಯ ಮಾತಾಡದೆ ಇರುತ್ತಾರೆಯೇ? ಸಹಿ ಹಾಕಿದ ಒಪ್ಪಿಗೆ ಪತ್ರ ಅನುಮತಿಗೆ ಬದಲಿಯಲ್ಲ. ಹಿಂದಿನ ದಿನಾಂಕಕ್ಕೆ ಅನುಮತಿ ಸಿಗುವುದೂ ಇಲ್ಲ. ಕಾಯ್ದೆ ಮುರಿದರೆ ದಂಡ, ಗಂಭೀರವಾದರೆ ಎರಡು ವರ್ಷದವರೆಗೆ ಜೈಲು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಭಾರತದಲ್ಲಿ ಎಥಿಕ್ಸ್ ಕಮಿಟಿ ಸಾಮಾನ್ಯವಾಗಿ ಸಂಸ್ಥೆಯ ಒಳಗೇ ಇರುತ್ತದೆ, ಹೋಗಿ ಬಾಗಿಲು ತಟ್ಟಿ ಕೇಳಬಹುದು. ಇಲ್ಲಿ 2019ರಿಂದ ಈ ಅನುಮತಿ ಕೊಡಲು ಇಡೀ ದೇಶಕ್ಕೆ ಒಂದೇ ಪ್ರಾಧಿಕಾರ, ಅದರ ಕಚೇರಿ ಉಪ್ಸಾಲಾ ನಗರದಲ್ಲಿ. ಹೊಸಬರಿಗೆ ನಮ್ಮ ಕಡೆಯ ಪದ್ಧತಿ ಸುಲಭ. ಆದರೆ ಆ ಅಜ್ಜಿಯ ಕಡೆಯಿಂದ ನೋಡಿದರೆ ಇಲ್ಲಿಯದೇ ಸರಿ ಅನಿಸುತ್ತದೆ ನನಗೆ: ಪರಿಶೀಲಿಸುವವರು ನನ್ನ ಗೈಡ್ ಜೊತೆ ದಿನಾ ಕಾಫಿ ಕುಡಿಯುವವರಲ್ಲ.

ಅರ್ಜಿ ಹಾಕುವುದು ನೀವಲ್ಲ, ವಿಶ್ವವಿದ್ಯಾಲಯ. ಅದನ್ನು ಸ್ವೀಡಿಷ್‌ನಲ್ಲೇ ಬರೆಯಬೇಕು, ಆದ್ದರಿಂದ ಗೈಡ್ ಜೊತೆ ಕೂತು ಬರೆಯಲೇಬೇಕು. ಅರ್ಜಿ ಪೂರ್ಣವಾದ ಮೇಲೆ ತೀರ್ಮಾನಕ್ಕೆ 60 ದಿನದ ಗಡುವು. ತಿದ್ದುಪಡಿ ಕೇಳಿದರೆ ಇನ್ನೂ ಮುಂದೆ ಹೋಗುತ್ತದೆ. ಹಾಗಾಗಿ ಮೊದಲ ವರ್ಷದ ವೈಯಕ್ತಿಕ ಅಧ್ಯಯನ ಯೋಜನೆಯಲ್ಲೇ ಇದಕ್ಕೆ ಜಾಗ ಬರೆಸಿ. ಇಲ್ಲಿ ಆ ಕಾಗದ ನಿಮಗೂ ವಿಶ್ವವಿದ್ಯಾಲಯಕ್ಕೂ ನಡುವಿನ ಒಪ್ಪಂದ ಇದ್ದ ಹಾಗೆ. ಪಾಠ ಮಾಡುವ ಕೆಲಸ ಶೇ. 20ರವರೆಗೆ ಇರಬಹುದು, ಅಷ್ಟು ಸಮಯ ಪಿಎಚ್‌ಡಿಯ ನಾಲ್ಕು ವರ್ಷದ ಮೇಲೆ ಹೆಚ್ಚುವರಿಯಾಗಿ ಸೇರುತ್ತದೆ. ಗಂಟೆಗಳ ಲೆಕ್ಕ ನೀವೇ ಇಟ್ಟುಕೊಳ್ಳಿ.

ಅನುಮತಿ ಬೇಕೋ ಬೇಡವೋ ಅಂತ ಅನುಮಾನ ಬಂದರೂ ಅರ್ಜಿ ಹಾಕಿಸಿ. ಬೇಡ ಅಂತಾದರೆ ಪ್ರಾಧಿಕಾರದಿಂದ ಸಲಹಾ ಅಭಿಪ್ರಾಯವನ್ನು ಲಿಖಿತವಾಗಿ ಕೇಳಬಹುದು. ಜರ್ನಲ್‌ನವರು ನೈತಿಕ ಅನುಮತಿ ಎಲ್ಲಿ ಅಂತ ಕೇಳಿದಾಗ ಕೊಡಲು ಕೈಯಲ್ಲೊಂದು ಕಾಗದ ಇರುತ್ತದೆ. ಕಾಯುವ ಆ ಎರಡು ತಿಂಗಳು ಕೋರ್ಸ್ ಮುಗಿಸಿ, ಓದಿ, ಪ್ರೋಟೋಟೈಪ್ ಮಾಡಿ. ರೆಕಾರ್ಡರ್ ಮಾತ್ರ ಬ್ಯಾಗಿನಿಂದ ಹೊರಗೆ ಬರಬಾರದು.