ಮೀಸೆ ಬಂದ ಮಗನನ್ನು ದತ್ತು ಪಡೆಯುವುದು ಹೇಗೆ?

ಗೋಕಾಕದ ಹತ್ತಿರದ ಒಂದು ರೈತ ಕುಟುಂಬ ಎಂದುಕೊಳ್ಳಿ. ಗಂಡ ಹೆಂಡತಿಗೆ ಮಕ್ಕಳಿಲ್ಲ. ತಮ್ಮನ ಮಗ ಹತ್ತು ವರ್ಷದಿಂದ ಇವರ ಮನೆಯಲ್ಲೇ ಇದ್ದಾನೆ, ಹೊಲ ನೋಡಿಕೊಳ್ಳುತ್ತಾನೆ. ವಯಸ್ಸು 28, ಮದುವೆಯೂ ಆಗಿದೆ. ಇವನನ್ನೇ ದತ್ತು ತಗೊಂಡರೆ ಆಗುತ್ತಾ? ಇಂಥ ಯೋಚನೆ ಬಂದ ಕೂಡಲೇ ಹೆಚ್ಚಿನವರು ಬಾಂಡ್ ಪೇಪರ್ ತರಲು ಓಡುತ್ತಾರೆ. ಸ್ವಲ್ಪ ತಡೆಯಿರಿ. ಪೇಪರ್ ಕೆಲಸ ಕೊನೆಯದು.

ಮೊದಲು, ಕಾನೂನು ಇದಕ್ಕೆ ಒಪ್ಪುತ್ತದಾ ನೋಡಿ. ಬಾಲನ್ಯಾಯ ಕಾಯ್ದೆಯ ದತ್ತು 18 ದಾಟಿದವರಿಗೆ ಇಲ್ಲ. ಉಳಿಯುವುದು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ. ಇದು ಲಿಂಗಾಯತರು, ಜೈನರು, ಬೌದ್ಧರು, ಸಿಖ್ಖರಿಗೂ ಅನ್ವಯಿಸುತ್ತದೆ. ಮುಸ್ಲಿಮರಿಗೆ, ಕ್ರೈಸ್ತರಿಗೆ ಈ ದಾರಿ ಇಲ್ಲ. ಕಾಯ್ದೆಯ 10ನೇ ಕಲಂ ಪ್ರಕಾರ 15 ವರ್ಷ ತುಂಬಿದವರನ್ನು, ಮದುವೆಯಾದವರನ್ನು ದತ್ತು ಪಡೆಯುವ ಹಾಗಿಲ್ಲ. ಆದರೆ ನಿಮ್ಮಲ್ಲಿ ಅಂಥ ರೂಢಿ ಇದ್ದರೆ ಪಡೆಯಬಹುದು.

ಎಲ್ಲವೂ ನಿಂತಿರುವುದು ಆ ‘ರೂಢಿ’ಯ ಮೇಲೆ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ 1956ರವರೆಗೆ ಮುಂಬೈ ಪ್ರಾಂತ್ಯದಲ್ಲಿದ್ದವು ಅಲ್ವಾ? ಆ ಪ್ರಾಂತ್ಯದಲ್ಲಿ ಯಾವ ವಯಸ್ಸಿನವನನ್ನಾದರೂ, ಮಕ್ಕಳ ತಂದೆಯನ್ನಾದರೂ ದತ್ತು ಪಡೆಯುವ ಪದ್ಧತಿ ಇತ್ತು. ಸುಪ್ರೀಂ ಕೋರ್ಟ್ ಕೂಡ 1991ರಲ್ಲಿ ಆ ರೂಢಿಯನ್ನು ಒಪ್ಪಿದೆ. ಹಾಗಾಗಿ ಈ ಭಾಗದವರ ಕೆಲಸ ಸ್ವಲ್ಪ ಹಗುರ. ಮಂಡ್ಯದವರೋ ತುಮಕೂರಿನವರೋ ಆದರೆ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಇಂಥ ದತ್ತು ನಡೆದುಕೊಂಡು ಬಂದಿದೆ ಎಂದು ತೋರಿಸಬೇಕು. ಹಳೆಯ ದತ್ತಕ ಪತ್ರಗಳು, ಹಿರಿಯರ ಸಾಕ್ಷಿ, ಏನು ಸಿಕ್ಕರೂ ಈಗಲೇ ಕೂಡಿಡಿ. ‘ನಮ್ಮಲ್ಲಿ ಎಲ್ಲರೂ ಹಾಗೇ ಮಾಡೋದು’ ಎಂದು ಸುಮ್ನೆ ಬರೆದರೆ ಕೋರ್ಟು ಕೇಳುವುದಿಲ್ಲ.

ಇನ್ನು ಉಳಿದ ಷರತ್ತುಗಳು. ಮಗನನ್ನು ಪಡೆಯುವುದಾದರೆ ನಿಮಗೆ ಮಗ, ಮಗನ ಮಗ, ಅವನ ಮಗ ಯಾರೂ ಇರಬಾರದು. ಗಂಡಸು ಹೆಣ್ಣನ್ನು ಅಥವಾ ಹೆಂಗಸು ಗಂಡನ್ನು ಪಡೆಯುವಾಗ ವಯಸ್ಸಿನಲ್ಲಿ ಕನಿಷ್ಠ 21 ವರ್ಷ ಅಂತರ ಬೇಕು. ಗಂಡ ಹೆಂಡತಿ ಇಬ್ಬರೂ ಒಪ್ಪಬೇಕು. ಹಣ ಕೊಟ್ಟು ತಗೊಂಡರೆ ಆರು ತಿಂಗಳವರೆಗೆ ಜೈಲಾಗಬಹುದು.

ಆಮೇಲೆ ಕೊಡುವ, ತಗೊಳ್ಳುವ ಶಾಸ್ತ್ರ. ಹೆತ್ತ ತಂದೆ ತಾಯಿ ಕೊಡಬೇಕು, ನೀವು ತಗೊಳ್ಳಬೇಕು, ನಾಲ್ಕು ಜನ ನೋಡಬೇಕು. ದತ್ತಹೋಮ ಕಡ್ಡಾಯವಲ್ಲ. 28ರ ಗಡ್ಡಧಾರಿಯನ್ನು ಉಡಿಯಲ್ಲಿ ಹಾಕುವುದು ನೋಡಿದವರಿಗೆ ನಗು ಬರಬಹುದು. ಆದರೆ ಕಾನೂನಿನ ಕಣ್ಣಿಗೆ ದತ್ತು ಆಗುವುದು ಆ ಗಳಿಗೆಯಲ್ಲೇ, ಪತ್ರ ಬರೆದಾಗ ಅಲ್ಲ. ಫೋಟೊ, ವಿಡಿಯೊ ತೆಗೆಸಿ. ಕೊಡುವವರ ಕಡೆಯ ನೆಂಟರನ್ನೂ ಕರೆಯಿರಿ. ನಾಳೆ ತಕರಾರು ತೆಗೆಯುವವರು ಅವರೇ.

ಈಗ ಬಾಂಡ್ ಪೇಪರ್. ದತ್ತಕ ಪತ್ರದಲ್ಲಿ ಶಾಸ್ತ್ರ ನಡೆದ ದಿನ, ಜಾಗ, ಹಾಜರಿದ್ದವರು, ಯಾವ ರೂಢಿ ಎಂಬುದೆಲ್ಲ ಬರಲಿ. ಕೊಟ್ಟವರು, ತಗೊಂಡವರು ಇಬ್ಬರೂ ಸಹಿ ಮಾಡಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಹಾಗೆ ಮಾಡಿದರೆ ದತ್ತು ಕಾನೂನುಬದ್ಧ ಎಂದೇ ಕೋರ್ಟು ಭಾವಿಸುತ್ತದೆ. ಅಲ್ಲ ಎನ್ನುವವರು ಅದನ್ನು ಸಾಬೀತು ಮಾಡಬೇಕು. ದತ್ತು ಬಂದವನ ಸಹಿಯನ್ನೂ ಹಾಕಿಸಿ. ದೊಡ್ಡವನಲ್ವಾ, ಅವನ ಒಪ್ಪಿಗೆ ಕಾಗದದಲ್ಲಿರಲಿ.

ಸಹಿಗೆ ಮುಂಚೆ ಎಲ್ಲರೂ ಒಂದು ಮಾತು ತಿಳಿದಿರಬೇಕು. ಒಮ್ಮೆ ಆದ ದತ್ತು ರದ್ದಾಗುವುದಿಲ್ಲ. ನೀವೂ ಬಿಡುವಂತಿಲ್ಲ, ಅವನೂ ವಾಪಸ್ ಹೋಗುವಂತಿಲ್ಲ. ಹೆತ್ತ ಮನೆಯ ಸಂಬಂಧ ಕಡಿಯುತ್ತದೆ. ಆಗಲೇ ಅವನ ಹೆಸರಿಗೆ ಬಂದ ಆಸ್ತಿ ಮಾತ್ರ ಅವನ ಹತ್ತಿರವೇ ಉಳಿಯುತ್ತದೆ. ದತ್ತಿಗೆ ಮುಂಚೆ ಹುಟ್ಟಿದ ಅವನ ಮಗ ಹಳೆಯ ಮನೆಯವನಾಗಿಯೇ ಉಳಿಯುತ್ತಾನೆ ಎಂದು ಬಾಂಬೆ ಹೈಕೋರ್ಟ್ 1909ರಲ್ಲೇ ಹೇಳಿದೆ. ಅಪ್ಪ ಒಂದು ಮನೆ, ಮಗ ಇನ್ನೊಂದು ಮನೆ! ಸೊಸೆಗೂ ಇದನ್ನು ಮೊದಲೇ ಹೇಳಿಬಿಡಿ.

ಇಷ್ಟಾಗಿಯೂ ಬೇರೆ ಒಪ್ಪಂದ ಇಲ್ಲದಿದ್ದರೆ ನೀವು ಗಳಿಸಿದ ಹೊಲ ಮಾರಲು, ಬೇರೆಯವರಿಗೆ ಬರೆಯಲು ನಿಮಗೆ ಅಡ್ಡಿಯಿಲ್ಲ. ಹಾಗೆಯೇ, ಹೊಲ ಅವನಿಗೆ ಸೇರಲಿ ಎನ್ನುವುದಷ್ಟೇ ನಿಮ್ಮ ಆಸೆಯಾಗಿದ್ದರೆ ಇಷ್ಟೆಲ್ಲ ಯಾಕೆ? ಇಬ್ಬರು ಸಾಕ್ಷಿಗಳ ಮುಂದೆ ಒಂದು ಉಯಿಲು ಬರೆದರೆ ಸಾಕು. ಅದನ್ನು ಬೇಕಾದಾಗ ಬದಲಿಸಲೂಬಹುದು.